ಗೆರೆಯ ಎರಡನೇ ತಿರುವು

"ಫೋನ್ ಮಾಡಿದ್ದ ಆ ಹೆಂಗಸಿನ ಧ್ವನಿ ಹೇಗಿತ್ತು? ನೆನಪು ಮಾಡ್ಕೊಂಡು ಹೇಳಿ," ಎಂದಳು ಇನ್ಸ್‌ಪೆಕ್ಟರ್.

ಕಾಣೆಯಾದವನ ಹೆಂಡತಿ ಗಂಟಲು ಸರಿಮಾಡಿಕೊಂಡಳು. ಮಕ್ಕಳಿಗೆ ಈಜು ಕಲಿಸುವುದು ಆಕೆಯ ಕೆಲಸ. ಕೊಳದ ಈ ದಡದಿಂದ ಆ ದಡಕ್ಕೆ ಕೂಗಿ ಕೂಗಿ ಗಂಟಲು ಒರಟಾಗಿತ್ತು.

"ವಯಸ್ಸಾದವರದು. ಆದ್ರೆ ಹೆದರಿಸೋ ಧ್ವನಿ ಅಲ್ಲ ಮೇಡಂ, ಅದೇ ನನಗೆ ಬಿಡಿಸೋಕಾಗದ ಗಂಟು. ಅಳೋ ಮಗುನ ಸಮಾಧಾನ ಮಾಡೋ ಹಾಗೆ ಮಾತಾಡ್ತಿದ್ರು."

ಹಣಕಾಸು ಇಲಾಖೆಯ ಅಂಕಿಅಂಶ ಅಧಿಕಾರಿ, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ 'ಗೆರೆರಾಯ', ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಬೇಕಾಗಿದ್ದ ದಿನದ ಹಿಂದಿನ ದಿನ ಮನೆಯಿಂದ ಹೊರಟವನು ವಾರ ಕಳೆದರೂ ಮರಳಿರಲಿಲ್ಲ.

ಊಟದ ಮೇಜಿನ ತುಂಬ ಅವನು ಬರೆದ ನಕ್ಷೆ ಹರಡಿತ್ತು. ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಆಕೆ ಒಂದೊಂದು ಲೋಟ ಇಟ್ಟಿದ್ದಳು. ಸರ್ಕಾರ ನಾಲ್ಕು ದಶಕ ಮಾಡಿದ ಖರ್ಚೆಲ್ಲ ಅದರಲ್ಲಿ ಎರಡೇ ಗೆರೆಯಾಗಿ ನಿಂತಿತ್ತು. ಒಂದು ಕೆಂಪು, ಒಂದು ನೀಲಿ.

"ನನಗೆ ಇದರ ತಲೆಬುಡ ತಿಳಿಯಲ್ಲ," ಎಂದಳು ಇನ್ಸ್‌ಪೆಕ್ಟರ್. "ನಿಮಗೆ ಅವರು ಹೇಗೆ ಹೇಳ್ತಿದ್ರು?"

"ಕೆಂಪು ಅಂದ್ರೆ ಚಾಲ್ತಿ ವೆಚ್ಚ. ದೇಶ ನಡೆಸೋ ಖರ್ಚು. ಸಂಬಳ, ಪಿಂಚಣಿ, ಔಷಧಿ, ಬಡ್ಡಿ, ಕರೆಂಟ್ ಬಿಲ್ಲು. ನೀಲಿ ಅಂದ್ರೆ ಬಂಡವಾಳ ವೆಚ್ಚ. ದೇಶ ಕಟ್ಟೋ ಖರ್ಚು. ಸೇತುವೆ, ಆಸ್ಪತ್ರೆ, ರೈಲು ಹಳಿ. ನೀನು ಈಜೋ ಕೊಳ ಕಟ್ಟಿಸಿದ್ದು ನೀಲಿ, ಅದಕ್ಕೆ ದಿನಾ ನೀರು ಬಿಡೋದು, ನಿನಗೆ ಸಂಬಳ ಕೊಡೋದು ಕೆಂಪು ಅಂತಿದ್ರು." ಆಕೆಯ ತುಟಿ ಸ್ವಲ್ಪ ಅರಳಿತು. "ನಿನ್ನನ್ನ ಮದುವೆ ಆಗಿದ್ದು ಬಂಡವಾಳ, ದಿನಾ ನಿನ್ನ ಕೈಲಿ ಬೈಸಿಕೊಳ್ಳೋದು ಚಾಲ್ತಿ ಅಂತ ತಮಾಷೆ ಬೇರೆ."

ನಗು ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಜಾರಿಹೋಯಿತು. ಇನ್ಸ್‌ಪೆಕ್ಟರ್ ನಕ್ಷೆಯ ಕಡೆ ಕಣ್ಣು ತಿರುಗಿಸಿ ಆಕೆಗೆ ಮುಖ ಒರೆಸಿಕೊಳ್ಳಲು ಬಿಟ್ಟಳು.

ಎಡಗಡೆಯ ಅರ್ಧಭಾಗದಲ್ಲಿ ಕೆಂಪು ಗೆರೆ ಒಂದೇ ಸಮ ಏರುತ್ತ ಹೋಗಿತ್ತು. ನೀಲಿ ನೆಲಕ್ಕೆ ಅಂಟಿಕೊಂಡಿತ್ತು. ಕೈ ಬಿಗಿಯಾದ ವರ್ಷಗಳಲ್ಲಂತೂ ಇನ್ನಷ್ಟು ಕುಗ್ಗಿತ್ತು. ಸಂಬಳ ನಿಲ್ಲಿಸಿದರೆ ಜನ ಬೀದಿಗಿಳಿಯುತ್ತಾರೆ, ಸೇತುವೆ ಮುಂದೂಡಿದರೆ ಯಾರೂ ಕೇಳುವುದಿಲ್ಲ. ಆಮೇಲೆ ಒಂದು ಕಾನೂನು ಬಂತು. ಸಾಲ ತೆಗೆದರೆ ಹೊಸದನ್ನು ಕಟ್ಟುವುದಕ್ಕೆ ಮಾತ್ರ, ನಡೆಸುವ ಖರ್ಚು ಮಿತಿ ದಾಟಬಾರದು. ಅಲ್ಲಿಂದ ಕೆಂಪು ಬಾಗಿತು, ನೀಲಿ ತಲೆ ಎತ್ತಿತು. ಇನ್ನೂ ಬಲಕ್ಕೆ ಹೋದರೆ ಮತ್ತೊಂದು ತಿರುವು, ಮೊದಲಿನದಕ್ಕಿಂತ ಕಡಿದು. ಪತ್ರಿಕೆಗಳು ಆ ನೀಲಿ ಗೆರೆಯನ್ನು ಹಾಡಿ ಹೊಗಳಿದ್ದವು.

"ಇದರಲ್ಲಿ ತಪ್ಪೇನು?"

"ಕೆಂಪು ಎಷ್ಟು ಇಳಿದಿದೆಯೋ ನೀಲಿ ಅಷ್ಟೇ ಏರಿದೆ. ಹಾಗಾಗೋಕೆ ಸಾಧ್ಯ ಇಲ್ಲವಂತೆ. ಹೊಸ ಆಸ್ಪತ್ರೆ ಕಟ್ಟಿದ್ರೆ ಮರುವರ್ಷ ಅದಕ್ಕೆ ಡಾಕ್ಟರು ಬೇಕು, ದಾದಿಯರು ಬೇಕು. ನೀಲಿ ಏರಿದ ಮೇಲೆ ಕೆಂಪೂ ಸ್ವಲ್ಪನಾದ್ರೂ ಏರಲೇಬೇಕು. ಇಲ್ಲಿ ಏರಿಲ್ಲ."

"ಅಂದ್ರೆ ಕಟ್ಟೇ ಇಲ್ಲ."

"ಕಟ್ಟಿದ್ದು ಸ್ವಲ್ಪ. ಮಿಕ್ಕಿದ್ದೆಲ್ಲ ನಡೆಸೋ ಖರ್ಚೇ, ನೀಲಿ ಅಂಗಿ ಹಾಕ್ಕೊಂಡು ನಿಂತಿದೆ ಅಂದ್ರು." ಆಕೆ ನಕ್ಷೆಯ ಬಲತುದಿ ಸವರಿದಳು. "ನದಿ ಸೇತುವೆ ಈ ಗೆರೆಯೊಳಗೆ ಪದೇ ಪದೇ ಹೊಸದಾಗಿದೆ ಅಂತ ಒಂದಿನ ಬಿದ್ದು ಬಿದ್ದು ನಕ್ಕಿದ್ರು. ಸೇತುವೆಯ ಬಿರುಕು ನೋಡ್ಕೊಂಡು ಬಂದ ಮೇಲೆ ನಗಲಿಲ್ಲ. ನನ್ನ ಹತ್ರ ಕಲಿಯೋ ಮಕ್ಕಳ ಬಸ್ಸು ದಿನಾ ಅದರ ಮೇಲೇ ಬರತ್ತೆ."

ಇನ್ಸ್‌ಪೆಕ್ಟರ್ ಬರೆದುಕೊಂಡಳು. "ಆ ಫೋನು. ಆ ಹೆಂಗಸು ಏನಂದ್ರು?"

"ಅವರು ಬೂಟು ಹಾಕ್ಕೊಳ್ತಾ ಇದ್ರು, ಫೋನು ಸ್ಪೀಕರಿನಲ್ಲಿತ್ತು. ಕೊನೇ ಮಾತು ಮಾತ್ರ ನನ್ನ ಕಿವಿಗೆ ಬಿತ್ತು. 'ಅದನ್ನ ನನ್ನ ಮಡಿಲಿಗೆ ಹಾಕಿಬಿಡು, ನೀನು ಹಗುರಾಗು' ಅಂದ್ರು."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಪೆನ್ನು ಕಾಗದದ ಮೇಲೆ ಹಾಗೇ ನಿಂತುಬಿಟ್ಟಿತು.

ಪರೀಕ್ಷೆಯ ಭಯಕ್ಕೆ, ಮುರಿದ ಗೊಂಬೆಗೆ, ಬೈದ ಮೇಷ್ಟರಿಗೆ, ಅವಳ ಬಾಲ್ಯದ ಎಲ್ಲ ಸಂಕಟಕ್ಕೂ ಅದೇ ಒಂದು ಮದ್ದಿತ್ತು. ಆ ಮಾತನ್ನು ಹಾಗೆಯೇ, ಅದೇ ಶಬ್ದಗಳಲ್ಲಿ ಆಡುವವರು ಈ ಪ್ರಪಂಚದಲ್ಲಿ ಅವಳಿಗೆ ಗೊತ್ತಿದ್ದಂತೆ ಒಬ್ಬರೇ.

* * *

ಜೀಪಿನಲ್ಲಿ ದಫೇದಾರ ತನ್ನ ಲೆಕ್ಕಾಚಾರ ಬಿಚ್ಚಿದ.

"ನನ್ನ ಓಟು ಹಣಕಾಸು ಕಾರ್ಯದರ್ಶಿಗೇ ಮೇಡಂ. ಆ ನೀಲಿ ಗೆರೆ ತೋರಿಸಿ ತೋರಿಸಿ ತಾನೇ ಆತ ಮೇಲೆ ಹತ್ತಿದ್ದು? ಅದು ಸುಳ್ಳು ಅಂತಾದ್ರೆ ಮೊದಲು ಬೀಳೋದು ಆತನ ಕುರ್ಚಿ. ಅದಕ್ಕೇ ದಿನಾ ನಮ್ಮ ಸಾಹೇಬರಿಗೆ ಫೋನ್ ಮಾಡಿ ಕೇಸು ಎಲ್ಲಿಗೆ ಬಂತು ಅಂತ ವಿಚಾರಿಸ್ತಾನೆ. ಅಷ್ಟು ಕಾಳಜಿ ಯಾಕೆ?"

"ಇರಬಹುದು."

"ಅದು ಬಿಟ್ರೆ ಯಾವ ಖರ್ಚು ಕೆಂಪು, ಯಾವುದು ನೀಲಿ ಅಂತ ತೀರ್ಮಾನ ಮಾಡೋ ವಿಭಾಗ. ಅಲ್ಲಿದ್ದ ಹಳೇ ಮುಖ್ಯಸ್ಥೆ ಹೋದ ವರ್ಷ ನಿವೃತ್ತರಾದ್ರಂತೆ. ಅವರನ್ನ ಇನ್ನೂ ವಿಚಾರಿಸಿಲ್ಲ ನಾವು."

"ಇಲ್ಲೇ ನಿಲ್ಲಿಸು," ಎಂದಳು ಅವಳು. "ನೀನು ಮನೆಗೆ ಹೋಗು. ಭಾನುವಾರ ತಾನೇ?"

"ನೀವು?"

"ಅವರನ್ನೇ ನೋಡ್ಕೊಂಡು ಬರ್ತೀನಿ. ನಮ್ಮ ಚಿಕ್ಕಮ್ಮ ಅವರು."

ಅವಳು ಇಳಿದ ಮೇಲೂ ಸ್ವಲ್ಪ ಹೊತ್ತು ಜೀಪು ಅಲ್ಲೇ ನಿಂತಿತ್ತು.

* * *

ಚಿಕ್ಕಮ್ಮ ತಾರಸಿಯ ಮೇಲಿದ್ದಳು. ತಂತಿಯ ಮೇಲೆ ಬಟ್ಟೆ ಒಣಗಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

"ಭಾನುವಾರ ಬಂದಿದ್ದೀಯ ಅಂದ್ರೆ ಒಂದೋ ಹಸಿವು, ಇಲ್ಲಾ ಜಗಳ," ಎಂದಳು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ.

"ಎರಡೂ ಅಲ್ಲ."

"ಹಾಗಾದ್ರೆ ಈ ತುದಿ ಹಿಡ್ಕೊ."

ಇಬ್ಬರೂ ಹಾಸಿಗೆಯ ದೊಡ್ಡ ಬೆಡ್‌ಶೀಟು ಮಡಚತೊಡಗಿದರು. ಎದುರುಬದುರು ನಿಂತು ಎಳೆದು, ಕೊಡವಿ, ನಡೆದುಬಂದು ತುದಿಗೆ ತುದಿ ಸೇರಿಸಬೇಕು. ಚಿಕ್ಕಂದಿನಲ್ಲಿ ಅವಳಿಗೆ ಇದೊಂದು ಆಟ. ತುದಿ ಕೊಡುವಾಗ ಚಿಕ್ಕಮ್ಮ ಮೂಗಿಗೆ ಮೂಗು ತಾಗಿಸುತ್ತಿದ್ದಳು. ಇವತ್ತು ಹಾಗೆ ಹತ್ತಿರ ಬಂದಾಗ ಅವಳು ಕೇಳಿಬಿಟ್ಟಳು.

"ಗೆರೆರಾಯನಿಗೆ ಫೋನ್ ಮಾಡಿದ್ದು ನೀನೇ ತಾನೇ?"

ಚಿಕ್ಕಮ್ಮನ ಕೈ ನಿಲ್ಲಲಿಲ್ಲ. "ಪೊಲೀಸ್ ಕೇಳ್ತಿದೆಯೋ, ನಮ್ಮ ಗುಬ್ಬಿ ಕೇಳ್ತಿದೆಯೋ?"

"ಇವತ್ತು ಗುಬ್ಬಿ. ನಾಳೆ ಬೆಳಿಗ್ಗೆ ಈ ಕೇಸು ಬೇರೆಯವರಿಗೆ ಒಪ್ಪಿಸಿಬಿಡ್ತೀನಿ, ಇವರು ನಮ್ಮ ಚಿಕ್ಕಮ್ಮ ಅಂತ ಹೇಳಿ. ಆಮೇಲೆ ಬರೋರು ಬೆಡ್‌ಶೀಟ್ ಮಡಚಿಕೊಡಲ್ಲ."

ಚಿಕ್ಕಮ್ಮ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡವು. ಮಡಚಿದ್ದನ್ನು ಎದೆಗೊತ್ತಿಕೊಂಡು ತಾರಸಿಯ ಮೋಟುಗೋಡೆಯ ಮೇಲೆ ಕೂತಳು.

"ಮೊದಲನೇ ತಿರುವು ನಂದು ಕಣೇ."

ಚಿಕ್ಕಮ್ಮ ಮಡಿಕೆಯ ಅಂಚು ಸವರಿದಳು.

"ಆ ಕಾನೂನು ಬಂದ ವರ್ಷ ನಡೆಸೋ ಖರ್ಚೆಲ್ಲ ಕತ್ತರಿಸಿ ಅಂತ ಮೇಲಿಂದ ಒತ್ತಡ. ಮಕ್ಕಳ ವಾರ್ಡಿನ ದಾದಿಯರನ್ನ ಮನೆಗೆ ಕಳಿಸಬೇಕು ಅಂತ ತೀರ್ಮಾನ ಆಯ್ತು. ಪಕ್ಕದಲ್ಲೇ ಹೊಸ ವಾರ್ಡು ಕಟ್ಟೋಕೆ ದುಡ್ಡು ರಾಶಿ ಬಿದ್ದಿತ್ತು. ಇಟ್ಟಿಗೆಗೆ ಇದೆ, ಜ್ವರ ನೋಡೋ ಕೈಗೆ ಇಲ್ಲ. ನಾನು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಮಾರನೇ ದಿನ ದಾದಿಯರ ಸಂಬಳನ ಹೊಸ ಕಟ್ಟಡದ ಸಿದ್ಧತೆ ಅಂತ ನೀಲಿಗೆ ಸೇರಿಸಿದೆ. ಒಂದೇ ವರ್ಷಕ್ಕೆ ಅಂದ್ಕೊಂಡಿದ್ದೆ."

"ಆಮೇಲೆ?"

"ಆಮೇಲೆ ಮಕ್ಕಳು ವಾಸಿಯಾಗಿ ಮನೆಗೆ ಹೋದ್ರು. ಯಾರೂ ಏನೂ ಕೇಳಲಿಲ್ಲ. ನಾನೂ ಸುಮ್ಮನಾದೆ."

ಕೆಳಗಿನ ರಸ್ತೆಯಲ್ಲಿ ಯಾರೋ ಗಾಡಿಗೆ ಕಿಕ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. ಇನ್ಸ್‌ಪೆಕ್ಟರ್ ಚಿಕ್ಕಮ್ಮನ ಪಕ್ಕದಲ್ಲಿ ಕೂತಳು. ಬೈಯಬೇಕೋ, ಕೈ ಹಿಡಿಯಬೇಕೋ ತಿಳಿಯಲಿಲ್ಲ. ಕೈ ಹಿಡಿದಳು.

"ಎರಡನೇದು? ಆ ಕಡಿದಾದ ತಿರುವು?"

"ಗುತ್ತಿಗೆದಾರರು ಮಾಡೋ ರಿಪೇರಿ, ಸುಣ್ಣಬಣ್ಣ ಎಲ್ಲ ಹೊಸ ನಿರ್ಮಾಣದ ಲೆಕ್ಕಕ್ಕೆ ಸೇರಲಿ ಅಂತ ಒಂದು ಆದೇಶ ಹೊರಟಿತು. ಸಹಿ ನಂದೇ. ಅದೂ ನಾನೇ ಮಾಡಿದ್ದು." ಚಿಕ್ಕಮ್ಮ ಅವಳ ಮುಖ ಬಿಟ್ಟು ಕಿವಿಯ ಕಡೆ ನೋಡುತ್ತಿದ್ದಳು. "ಎರಡೂ ನಂದೇ ಅಂತ ಬರ್ಕೊ. ಮುಗಿದುಹೋಗಲಿ."

ಸುಳ್ಳು ಹೇಳುವಾಗ ಚಿಕ್ಕಮ್ಮನಿಗೆ ಎದುರಿನವರ ಕಣ್ಣು ನೋಡಲು ಬರುತ್ತಿರಲಿಲ್ಲ. ಅಮ್ಮನ ಕಾಯಿಲೆ ಏನೆಂದು ಮೊದಲ ಸಲ ಕೇಳಿದಾಗಲೂ ಹೀಗೆಯೇ ಕಿವಿ ನೋಡಿದ್ದಳು.

ಇನ್ಸ್‌ಪೆಕ್ಟರ್ ಎದ್ದು ತಂತಿಯ ಹತ್ತಿರ ಹೋದಳು. ಇನ್ನೂ ಒಂದು ಬೆಡ್‌ಶೀಟಿತ್ತು. ದಿಂಬಿನ ಕವರು ಎರಡು. ಅವುಗಳ ಹಿಂದೆ, ರಸ್ತೆಯಿಂದ ಯಾರಿಗೂ ಕಾಣದ ಹಾಗೆ, ಉದ್ದನೆಯ ಬಿಳಿ ಪಟ್ಟಿಯೊಂದು ನೇತಾಡುತ್ತಿತ್ತು. ಪೆಟ್ಟಾದ ತೋಳನ್ನು ಕುತ್ತಿಗೆಗೆ ಕಟ್ಟುವ ಪಟ್ಟಿ.

"ಒಂಟಿ ಹೆಂಗಸಿಗೆ ಎಷ್ಟು ಹಾಸಿಗೆ ಬೇಕು ಚಿಕ್ಕಮ್ಮ?"

ಚಿಕ್ಕಮ್ಮ ದೀರ್ಘವಾಗಿ ಉಸಿರು ಬಿಟ್ಟಳು. "ನಿನ್ನನ್ನ ಪೊಲೀಸಿಗೆ ಸೇರಿಸಿದ್ದೇ ತಪ್ಪಾಯ್ತು," ಎಂದು ಕೆಳಗಿಳಿಯುವ ಮೆಟ್ಟಿಲ ಕಡೆ ನಡೆದಳು.

* * *

ಗೆರೆರಾಯ ಒಳಗಿನ ಸಣ್ಣ ಕೋಣೆಯಲ್ಲಿದ್ದ. ಅದು ಒಂದು ಕಾಲಕ್ಕೆ ಅವಳದೇ ಕೋಣೆ. ಬಾಗಿಲ ಚೌಕಟ್ಟಿನಲ್ಲಿ ಅವಳ ಎತ್ತರ ಗುರುತಿಸಿದ ಗೀರುಗಳು ಇನ್ನೂ ಇದ್ದವು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದವನು ಸಮವಸ್ತ್ರ ಕಂಡೊಡನೆ ಏಳಲು ಹೋಗಿ, ಎಡಭುಜ ಹಿಡಿದುಕೊಂಡು ಹಾಗೇ ಕುಸಿದ.

"ಕೂತ್ಕೊಳ್ಳಿ," ಎಂದಳು ಅವಳು. "ನಿಮ್ಮನ್ನ ಹುಡುಕಿ ಹುಡುಕಿ ನನ್ನ ಬೂಟಿನ ಅಟ್ಟೆ ಸವೆದಿದೆ. ನಿಮ್ಮ ಹೆಂಡತಿ ವಾರದಿಂದ ನೀರಿಗಿಳಿದಿಲ್ಲ. ಒಂದು ಮಾತು ತಿಳಿಸೋಕೆ ಏನಾಗಿತ್ತು?"

"ತಿಳಿಸಿದ್ರೆ ಅವಳು ನೇರ ಇಲ್ಲಿಗೇ ಬಂದುಬಿಡ್ತಾಳೆ ಮೇಡಂ. ಅವಳ ಬೆನ್ನ ಹಿಂದೆ ಆ ಲಾರಿನೂ ಬರತ್ತೆ ಅಂತ ಭಯ."

"ಯಾವ ಲಾರಿ?"

"ಆವತ್ತು ಇವರನ್ನ ನೋಡೋಕೆ ಸೈಕಲಿನಲ್ಲಿ ಬರ್ತಿದ್ದೆ. ಸೇತುವೆ ಹತ್ರ ಒಂದು ಲಾರಿ ನನ್ನನ್ನ ಉಜ್ಜಿಕೊಂಡು ಹೋಯ್ತು. ಬಿದ್ದೆ. ಭುಜ ನೆಲಕ್ಕೆ ಅಪ್ಪಳಿಸಿ ಕಣ್ಣು ಕತ್ತಲೆ ಬಂತು. ಡ್ರೈವರಿಗೆ ನಾನು ಕಾಣಲಿಲ್ಲವೇನೋ ಅಂದ್ಕೊಂಡೆ. ಮುಂದೆ ಹೋದ ಲಾರಿ ತಿರುಗಿಸ್ಕೊಂಡು ಮತ್ತೆ ನನ್ನ ಕಡೆಗೇ ಬಂತು."

ಸೇತುವೆಯ ಕೆಳಗಿನ ಪೊದೆಗಳೊಳಗೆ ಉರುಳಿ ಬದುಕಿದ್ದ. ತಡವರಿಸಿಕೊಂಡು ಈ ಮನೆ ಮುಟ್ಟಿದ್ದ. ಆಸ್ಪತ್ರೆಗೆ ಹೋದರೆ ಹೆಸರು ಹೇಳಬೇಕು, ಹೆಸರು ಹೇಳಿದರೆ ಗೊತ್ತಾಗಬಾರದವರಿಗೆ ಗೊತ್ತಾಗುತ್ತದೆ. ಚಿಕ್ಕಮ್ಮ ಆ ಹಳೆಯ ವಾರ್ಡಿನ ದಾದಿಯೊಬ್ಬಳನ್ನು ಕರೆಸಿ ಕಟ್ಟು ಹಾಕಿಸಿದ್ದಳು.

"ಭುಜದ ವಿಷಯ ನಮ್ಮಿಬ್ಬರನ್ನ, ಆ ದಾದಿನ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ," ಎಂದಳು ಚಿಕ್ಕಮ್ಮ. "ಈಗ ನಿನಗೆ."

ಇನ್ಸ್‌ಪೆಕ್ಟರ್ ತನ್ನ ಫೋನಿನಲ್ಲಿ ಅವನ ಮನೆಯ ನಂಬರು ಒತ್ತಿ ಅವನ ಕೈಗಿಟ್ಟಳು. "ಎಲ್ಲಿದ್ದೀನಿ ಅಂತ ಹೇಳಬೇಡಿ. ಇದ್ದೀನಿ ಅಂತ ಮಾತ್ರ ಹೇಳಿ."

ಅವನು ಫೋನು ಕಿವಿಗಿಟ್ಟುಕೊಂಡ. "ನಾನು," ಎಂದ. ಆ ಕಡೆಯಿಂದ ಆ ಒರಟು ಗಂಟಲು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೇಳಿತು: "ಊಟ ಮಾಡಿದ್ರಾ?"

"ಮಾಡಿದೆ."

"ಸುಳ್ಳು ಹೇಳಬೇಡಿ."

"ನಿಜವಾಗ್ಲೂ. ಎರಡು ಸಲ ಬಡಿಸಿಕೊಂಡೆ."

ಆ ಕಡೆ ಅಳು ಕಟ್ಟೆ ಒಡೆಯಿತು. ಚಿಕ್ಕಮ್ಮ ಇನ್ಸ್‌ಪೆಕ್ಟರಳ ಮೊಣಕೈ ಹಿಡಿದು ಹೊರಗೆ ಕರೆತಂದು, ಬಾಗಿಲು ಮುಂದಕ್ಕೆಳೆದಳು. ಇಬ್ಬರೂ ಅಡುಗೆಮನೆಯಲ್ಲಿ ನಿಂತು, ಒಳಗಿನ ಪಿಸುಮಾತು ಮುಗಿಯುವ ತನಕ ಸುಮ್ಮನೆ ನಲ್ಲಿಯ ಕಡೆ ನೋಡಿದರು.

ಫೋನು ಹಿಂದಕ್ಕೆ ಕೊಡುವಾಗ ಗೆರೆರಾಯನ ಮುಖಕ್ಕೆ ಕಳೆ ಮರಳಿತ್ತು.

"ಒಂದು ಮಾತು ಮೇಡಂ. ಎರಡನೇ ಆದೇಶ ಇವರದ್ದಲ್ಲ."

"ನೀನು ಸುಮ್ಮನಿರು," ಎಂದಳು ಚಿಕ್ಕಮ್ಮ.

"ಇರಲ್ಲಮ್ಮ. ಮೊದಲನೇ ತಿರುವಿನಲ್ಲಿ ದಾದಿಯರು ಸಿಗ್ತಾರೆ, ಹುಡುಕಿದ್ರೆ ಮನುಷ್ಯರು ಸಿಗ್ತಾರೆ. ಎರಡನೇದರಲ್ಲಿ ಬರೀ ಗುತ್ತಿಗೆ. ಒಬ್ಬರ ಕೈಬರಹ ಬೇರೆ ಬೇರೆ ಆಗಬಹುದು, ಮನಸ್ಸು ಅಷ್ಟೊಂದು ಬೇರೆ ಆಗಲ್ಲ." ಅವನು ಇನ್ಸ್‌ಪೆಕ್ಟರಳ ಕಡೆ ತಿರುಗಿದ. "ಅದಕ್ಕೆ ಸಹಿ ಬಿದ್ದದ್ದು ಬಜೆಟ್ಟಿನ ಹಿಂದಿನ ಶುಕ್ರವಾರ. ಆವತ್ತು ಅಮ್ಮಾವ್ರು ರಜೆ. ಆಫೀಸಿಗೇ ಬಂದಿಲ್ಲ."

ಬಜೆಟ್ಟಿನ ಹಿಂದಿನ ಶುಕ್ರವಾರ. ಯಾವ ವರ್ಷ ಎಂದು ಅವಳು ಕೇಳಿದಳು. ಅವನು ಹೇಳಿದ.

ಅದು ಅಮ್ಮನ ಆಪರೇಷನ್ ಆದ ದಿನ.

"ನೀನು ಆವತ್ತು ಇಡೀ ದಿನ ನಮ್ಮ ಜೊತೇಲೇ ಇದ್ದೆ," ಎಂದಳು ಅವಳು ನಿಧಾನವಾಗಿ. "ಆಸ್ಪತ್ರೆ ವರಾಂಡದ ಬೆಂಚಿನ ಮೇಲೆ. ನನ್ನ ತಲೆ ನಿನ್ನ ತೊಡೆ ಮೇಲಿತ್ತು. ನೀನು ಎಲ್ಲೂ ಹೋಗಲಿಲ್ಲ."

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದಳು.

"ಹಾಗಿದ್ರೆ ಸಹಿ ಹೇಗೆ ಬಂತು?"

"ಕೇಳಬೇಡ ಕಣೇ."

"ಚಿಕ್ಕಮ್ಮ."

ಚಿಕ್ಕಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಾನು ರಜೇಲಿದ್ದಾಗ ದಾದಿಯರ ಸಂಬಳ ನಿಲ್ಲಬಾರದು ಅಂತ ಕೆಲವು ಖಾಲಿ ಹಾಳೆಗೆ ಸಹಿ ಹಾಕಿಟ್ಟಿದ್ದೆ. ಈ ಮನೇಲೇ, ಬೀರುವಿನೊಳಗೆ. ಬೀಗ ಹಾಕಿದ್ದೆ."

"ಬೀಗದ ಕೈ?"

"ನಿಮ್ಮಮ್ಮನ್ನ ಒಳಗೆ ಕರ್ಕೊಂಡು ಹೋದ್ರು. ಹೊರಗೆ ಬಂದಾಗ ಚಳಿ ಆಗತ್ತೆ, ಈ ಮನೆಯಿಂದ ದಪ್ಪ ಹೊದಿಕೆ ತರಬೇಕು ಅಂದೆ." ಚಿಕ್ಕಮ್ಮ ಈಗ ನೇರವಾಗಿ ಅವಳ ಕಣ್ಣು ನೋಡಿದಳು. "ಗೊಂಚಲು ನಿನ್ನ ಕೈಗೆ ಕೊಟ್ಟೆ ಗುಬ್ಬಿ."

ಅವಳಿಗೆ ನೆನಪಿತ್ತು. ತಣ್ಣಗಿದ್ದ ಗೊಂಚಲು, ವರಾಂಡದ ಫಿನಾಯಿಲ್ ವಾಸನೆ, ಮುಚ್ಚಿದ ಬಾಗಿಲ ಮೇಲಿನ ಕೆಂಪು ದೀಪ. ಆ ದೀಪ ಬಿಟ್ಟು ಕದಲಲು ಅವಳ ಕಾಲು ಒಪ್ಪಿರಲಿಲ್ಲ.

"ನಾನು ಹೋಗಲಿಲ್ಲ," ಎಂದಳು. "ಅಪ್ಪನಿಗೆ ಕೊಟ್ಟೆ."

"ಗೊತ್ತು," ಎಂದಳು ಚಿಕ್ಕಮ್ಮ. "ಹೊದಿಕೆ ತಂದವರು ಭಾವನೇ. ಆಮೇಲೆ ಬೀರು ನೋಡಿದ್ರೆ ಒಂದು ಹಾಳೆ ಕಮ್ಮಿ, ಅದು ಕಾರ್ಯದರ್ಶಿ ಕೈ ಸೇರಿತ್ತು."

ಆ ವರ್ಷದ ತನಕ ಅಪ್ಪ ಶಾಲೆಗಳ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸುವ ಸಣ್ಣ ಗುತ್ತಿಗೆದಾರ. ಆಮೇಲೆ ರಸ್ತೆಗಳು ಬಂದವು, ಆಸ್ಪತ್ರೆ ಬಂತು, ಸೇತುವೆ ಬಂತು. ಅಮ್ಮನ ಚಿಕಿತ್ಸೆಯ ಖರ್ಚು ಕೇಳಿ ಕಂಗಾಲಾಗಿದ್ದ ಮನುಷ್ಯ ಒಂದು ತಿಂಗಳೊಳಗೆ ಅಷ್ಟನ್ನೂ ಕಟ್ಟಿದ್ದ. ಎಲ್ಲಿಂದ ಬಂತು ಎಂದು ಆರೈಕೆಯ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಆ ದುಡ್ಡಿನಿಂದ ಅಮ್ಮ ಇನ್ನೂ ಎರಡು ವರ್ಷ ಅವರ ಜೊತೆಗಿದ್ದಳು. ಮಗಳ ಕಾಲೇಜಿನ ಪದವಿ ನೋಡಿದಳು, ಪೊಲೀಸ್ ಸಮವಸ್ತ್ರದ ಮೊದಲ ಇಸ್ತ್ರಿ ತಾನೇ ಹಾಕಿದಳು.

"ಅದಕ್ಕೇ ಎರಡೂ ನಂದೇ ಅಂದೆಯಾ?"

"ಅಕ್ಕ ಬದುಕಿದ್ದ ಆ ಎರಡು ವರ್ಷ ನನಗೂ ಬೇಕಾಗಿತ್ತು ಕಣೇ," ಎಂದಳು ಚಿಕ್ಕಮ್ಮ. "ಆದ್ರೆ ಲಾರಿ ವಿಷಯ ಭಾವನಿಗೆ ಗೊತ್ತಿರಲಾರದು. ಇರುವೆ ತುಳಿಯದ ಮನುಷ್ಯ. ಅದು ಆ ಕಾರ್ಯದರ್ಶಿ ಕಡೆಯವರ ಕೆಲಸ."

ತಾನೂ ಹಾಗೇ ನಂಬಬೇಕೆಂದು ಅವಳಿಗೆ ತುಂಬ ಆಸೆಯಾಯಿತು. ಫೋನು ಇನ್ನೂ ಕೈಯಲ್ಲೇ ಇತ್ತು. ಗೆರೆರಾಯನ ಕಿವಿಯ ಬಿಸಿ ಅದರ ಮೇಲೆ ಆರಿರಲಿಲ್ಲ. ಅವಳು ಅಪ್ಪನ ನಂಬರು ಒತ್ತಿದಳು.

ಒಂದೇ ರಿಂಗಿಗೆ ಎತ್ತಿಕೊಂಡ.

"ಗುಬ್ಬಿ. ಭಾನುವಾರ ಊಟಕ್ಕೆ ಬರ್ತೀಯ ಅಂತ ಕಾಯ್ತಾ ಕೂತಿದ್ದೆ."

"ಬರ್ತೀನಪ್ಪ," ಎಂದಳು. "ಮನೇಲೇ ಇರು. ಎಲ್ಲೂ ಹೋಗಬೇಡ."

"ಎಲ್ಲಿಗೆ ಹೋಗಲಿ ನಾನು?" ಅಪ್ಪ ನಕ್ಕ. ಎಂದಿನ ಅದೇ ಮೆತ್ತಗಿನ ನಗು. ಆಮೇಲೆ ಮಗಳ ಜ್ವರ ವಿಚಾರಿಸುತ್ತಿದ್ದ ಅದೇ ಧ್ವನಿಯಲ್ಲಿ ಕೇಳಿದ.

"ಆ ಹುಡುಗನ ಭುಜ ಈಗ ಹೇಗಿದೆಯಮ್ಮ?"